ಕಬ್ಬಿನ ಒಡಲಲ್ಲಿ ಕೆಂಪು

ಕಬ್ಬಿಗೆ ಬರುವ ರೋಗಗಳು ಹಲವು. ಆದರೆ ಬೆಳೆಗಾರರು ಹೆಚ್ಚು ಹೆದರುವುದು ಕೆಂಪು ಕೊಳೆ ರೋಗಕ್ಕೆ. ಹೊರಗಿನಿಂದ ನೋಡಿದರೆ ಜಲ್ಲೆ ಚೆನ್ನಾಗಿಯೇ ಇರುತ್ತದೆ. ಸುಳಿಯಿಂದ ಕೆಳಕ್ಕೆ ಮೂರನೆಯ, ನಾಲ್ಕನೆಯ ಎಲೆ ಹಳದಿಯಾಗುವ ಹೊತ್ತಿಗೆ ಒಳಗಿನ ಕೆಲಸ ಮುಗಿದಿರುತ್ತದೆ. ಜಲ್ಲೆಯನ್ನು ಉದ್ದಕ್ಕೆ ಸೀಳಿದರೆ ತಿರುಳೆಲ್ಲ ಕೆಂಪು, ನಡುನಡುವೆ ಅಡ್ಡಲಾಗಿ ಬಿಳಿ ಮಚ್ಚೆ, ಜೊತೆಗೆ ಹೆಂಡದಂಥ ಹುಳಿ ವಾಸನೆ. ಕೊಲೆಟೋಟ್ರೈಕಂ ಫಾಲ್ಕೇಟಂ ಎಂಬ ಶಿಲೀಂಧ್ರ ರಸದಲ್ಲಿನ ಸಕ್ಕರೆಯನ್ನು ಒಡೆದುಹಾಕುತ್ತದೆ. ಅಂಥ ಕಬ್ಬು ಆಲೆಮನೆಗೂ ಬೇಡ, ಕಾರ್ಖಾನೆಗೂ ಬೇಡ.

ಜಾವಾ ದ್ವೀಪದಲ್ಲಿದ್ದ ಡಚ್ ವಿಜ್ಞಾನಿ ವೆಂಟ್ 1893ರಲ್ಲಿ ಈ ಶಿಲೀಂಧ್ರವನ್ನು ಮೊದಲು ಗುರುತಿಸಿದರು. ನಮ್ಮಲ್ಲಿ ಗೋದಾವರಿ ಮುಖಜ ಭೂಮಿಯ ಕಬ್ಬು ಸಾಯುತ್ತಿದ್ದುದನ್ನು 1901ರಲ್ಲಿ ವರದಿ ಮಾಡಿದವರು ಮದರಾಸು ಸರ್ಕಾರದ ಸಸ್ಯವಿಜ್ಞಾನಿ ಸಿ.ಎ. ಬಾರ್ಬರ್. ‘ಕೆಂಪು ಕೊಳೆ’ ಎಂಬರ್ಥದ ಇಂಗ್ಲಿಷ್ ಹೆಸರನ್ನು 1906ರಲ್ಲಿ ಬಳಕೆಗೆ ತಂದವರು ಇ.ಜೆ. ಬಟ್ಲರ್.

ಕಬ್ಬನ್ನು ಬೀಜದಿಂದ ಬೆಳೆಯುವುದಿಲ್ಲ, ಜಲ್ಲೆಯ ತುಂಡನ್ನು ನೆಡುತ್ತಾರೆ. ತೊಂದರೆಯ ಮೂಲ ಇಲ್ಲಿದೆ. ತುಂಡಿನೊಳಗೆ ರೋಗವಿದ್ದರೆ ಅದು ಮರುವರ್ಷದ ಗದ್ದೆಗೂ ಹೋಗುತ್ತದೆ. ಕೂಳೆ ಬಿಟ್ಟರೆ ಅಲ್ಲೇ ಉಳಿಯುತ್ತದೆ. ಅಷ್ಟೇ ಅಲ್ಲ, ಒಂದು ತಳಿಯ ಕಬ್ಬೆಲ್ಲ ಒಂದೇ ಗಿಡದ ತುಂಡುಗಳು ಎನ್ನಬಹುದು. ಒಂದನ್ನು ಗೆಲ್ಲಲು ಕಲಿತ ಶಿಲೀಂಧ್ರ ಎಲ್ಲವನ್ನೂ ಗೆದ್ದಂತೆ. ಒಳಹೊಕ್ಕ ಮೇಲೆ ಔಷಧಿ ಸಿಂಪಡಿಸಿ ಅದನ್ನು ಓಡಿಸುವ ದಾರಿಯೂ ಇಲ್ಲ.

ಹಾಗಾಗಿ ಹೊಸ ತಳಿಯನ್ನೇ ಹುಟ್ಟಿಸಬೇಕಿತ್ತು. 1912ರಲ್ಲಿ ಕೊಯಮತ್ತೂರಿನಲ್ಲಿ ಕಬ್ಬಿನ ತಳಿ ಅಭಿವೃದ್ಧಿ ಕೇಂದ್ರ ಆರಂಭವಾದಾಗ ಅದರ ಹೊಣೆ ಹೊತ್ತವರು ಅದೇ ಬಾರ್ಬರ್. ಊರನ್ನು ಆರಿಸಿದ್ದಕ್ಕೂ ಕಾರಣವಿತ್ತು: ಅಲ್ಲಿ ಕಬ್ಬು ಚೆನ್ನಾಗಿ ಸೂಲಂಗಿ ಬಿಡುತ್ತದೆ, ಬೀಜವೂ ಕಟ್ಟುತ್ತದೆ. ಬಾರ್ಬರ್ ಮತ್ತು ಅವರ ಸಹಾಯಕ ಟಿ.ಎಸ್. ವೆಂಕಟರಾಮನ್ ರಸಭರಿತವಾದ ದಪ್ಪ ಕಬ್ಬಿಗೆ, ಹುಲ್ಲಿನಂತೆ ತಾನಾಗಿ ಬೆಳೆಯುವ ಕಾಡುಕಬ್ಬಿನ ಪರಾಗವನ್ನು ಸೇರಿಸಿದರು. ಸಿಹಿ ಒಂದರಿಂದ, ಗಟ್ಟಿತನ ಇನ್ನೊಂದರಿಂದ. 1918ರಲ್ಲಿ ಹೊರಬಂದ ಕೋ 205 ಪಂಜಾಬಿನ ಚಳಿಯಲ್ಲೂ ಬದುಕಿತು. ‘ಕೋ’ ಎಂದರೆ ಕೊಯಮತ್ತೂರು. ಇಂದಿಗೂ ನಮ್ಮ ರೈತರ ಬಾಯಲ್ಲಿರುವ ಅಕ್ಷರ ಅದು. ಬಾರ್ಬರ್ ನಿವೃತ್ತರಾದ ಮೇಲೆ ಕೇಂದ್ರವನ್ನು ದೀರ್ಘಕಾಲ ನಡೆಸಿದ ವೆಂಕಟರಾಮನ್ ಕಬ್ಬನ್ನು ಜೋಳದೊಂದಿಗೆ, ಬಿದಿರಿನೊಂದಿಗೆ ಕೂಡ ಸಂಕರಿಸಿ ನೋಡಿದರು. ಬಿದಿರಿನ ಸಾಹಸದಿಂದ ರೈತನಿಗೆ ಲಾಭವಾಗಲಿಲ್ಲ, ಆದರೆ ಆ ಧೈರ್ಯವನ್ನು ಮೆಚ್ಚಲೇಬೇಕು.

ಮೈಸೂರು ಸೀಮೆಯಲ್ಲಿ 1800ರ ಸುಮಾರಿಗೆ ಸಂಚರಿಸಿದ ಬುಕನನ್ ಇಲ್ಲಿ ರಸದಾಳಿ, ಪಟ್ಟಾಪಟ್ಟಿ ಕಬ್ಬುಗಳನ್ನು ಕಂಡಿದ್ದ. ಕನ್ನಂಬಾಡಿಯ ನಾಲೆ ನೀರು ಬಂದು, 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿ ಸ್ಥಾಪನೆಯಾದ ಮೇಲೆ ಕಬ್ಬಿನ ಚಿತ್ರವೇ ಬದಲಾಯಿತು. ದಕ್ಷಿಣದಲ್ಲೆಲ್ಲ ಹಬ್ಬಿದ ಕೋ 419 ಜಾವಾದ ಹೆಸರಾಂತ ಪಿಒಜೆ 2878 ಮತ್ತು ಕೊಯಮತ್ತೂರಿನ ಕೋ 290 ತಳಿಗಳ ಮಗು.

ಆದರೆ ಶಿಲೀಂಧ್ರ ಸುಮ್ಮನೆ ಕೂಡಲಿಲ್ಲ. ಬಿಹಾರ ಮತ್ತು ಪೂರ್ವ ಉತ್ತರ ಪ್ರದೇಶದಲ್ಲಿ ಮೆರೆಯುತ್ತಿದ್ದ ಕೋ 213 ತಳಿ 1930ರ ದಶಕದ ಕೊನೆಯಲ್ಲಿ ಕೆಂಪು ಕೊಳೆಗೆ ಬಲಿಯಾಯಿತು. ಸಕ್ಕರೆ ಕಾರ್ಖಾನೆಗಳು ಹೆಚ್ಚುತ್ತಿದ್ದ ಕಾಲದಲ್ಲೇ ಗದ್ದೆಗಳು ಒಣಗಿದವು. ಆ ಪಾಠವನ್ನು ಮರೆತಂತೆ ಇತ್ತೀಚೆಗೆ ಅದೇ ಕಥೆ ನಡೆದಿದೆ. ಕರ್ನಾಲ್ ಕೇಂದ್ರದಲ್ಲಿ ಬಕ್ಷಿರಾಂ ರೂಪಿಸಿದ, 2009ರಲ್ಲಿ ಅಧಿಸೂಚಿತವಾದ ಕೋ 0238 ಇಳುವರಿಯಲ್ಲೂ ಸಕ್ಕರೆಯಲ್ಲೂ ದಾಖಲೆ ಬರೆಯಿತು. ಉತ್ತರ ಪ್ರದೇಶದ ಕಬ್ಬಿನ ಗದ್ದೆಯ ಐದರಲ್ಲಿ ನಾಲ್ಕು ಪಾಲನ್ನು ಅದೊಂದೇ ಆಕ್ರಮಿಸಿತು. ಈಗ ಕೆಂಪು ಕೊಳೆ ಅದನ್ನೂ ಹಿಡಿದಿದೆ; ರೈತರು ಬೇರೆ ತಳಿ ಹುಡುಕಬೇಕಾಗಿದೆ. ತಪ್ಪು ತಳಿಯದು ಎನ್ನುವುದಕ್ಕಿಂತ, ಒಂದೇ ತಳಿಯನ್ನು ನಂಬಿದವರದು ಎನ್ನುವುದು ಸರಿ.

ಜೈವಿಕ ತಂತ್ರಜ್ಞಾನ ಇಲ್ಲಿ ಏನು ಮಾಡಬಲ್ಲದು? ಸುಳಿಯ ತುದಿಯ ಅತಿ ಸಣ್ಣ ಭಾಗವನ್ನು ಗಾಜಿನ ಸೀಸೆಯಲ್ಲಿ ಬೆಳೆಸಿ ವೈರಸ್ ಇಲ್ಲದ ಸಸಿ ಪಡೆಯುವ ಅಂಗಾಂಶ ಕೃಷಿ ಆಗಲೇ ಬಳಕೆಯಲ್ಲಿದೆ. ಕಾಂಡಕೊರಕ ಹುಳುವನ್ನು ತಡೆಯುವ, ವಂಶವಾಹಿ ಮಾರ್ಪಡಿಸಿದ ಕಬ್ಬಿಗೆ ಬ್ರೆಜಿಲ್ 2017ರಲ್ಲಿ ಒಪ್ಪಿಗೆ ಕೊಟ್ಟಿತು. ರೋಗ ನಿರೋಧಕ ವಂಶವಾಹಿಯನ್ನು ಹುಡುಕುವುದು ಮಾತ್ರ ಕಷ್ಟದ ಕೆಲಸ. ಮನುಷ್ಯನ ಜೀವಕೋಶದಲ್ಲಿ ವರ್ಣತಂತುಗಳು 46. ಇಂದಿನ ಕಬ್ಬಿನಲ್ಲಿ ನೂರಕ್ಕೂ ಹೆಚ್ಚು. ಒಂದೊಂದು ವಂಶವಾಹಿಗೂ ಹಲವು ಪ್ರತಿಗಳು. ಬಾರ್ಬರ್ ಕಾಲದ ಕಾಡುಕಬ್ಬಿನ ಬೆರಕೆಯೇ ಈ ಗೋಜಲಿಗೂ ಒಂದು ಕಾರಣ. ಆರ್570 ಎಂಬ ತಳಿಯ ವಂಶವಾಹಿ ನಕ್ಷೆ 2024ರಲ್ಲಿ ಪ್ರಕಟವಾಯಿತು. ಕಂದು ತುಕ್ಕು ರೋಗವನ್ನು ತಡೆಯುವ ವಂಶವಾಹಿಗಳ ಜಾಡು ಅದರಲ್ಲಿ ಸಿಕ್ಕಿದೆ.

ಕೆಂಪು ಕೊಳೆಗೆ ಸದ್ಯಕ್ಕೆ ಉಪಾಯ ಹಳೆಯದೇ. ರೋಗ ಬಂದ ಗದ್ದೆಯ ಬಿತ್ತನೆ ಬೇಡ, ಅಲ್ಲಿ ಕೂಳೆಯೂ ಬೇಡ. ಅಲ್ಲಿನ ನೀರು ಪಕ್ಕದ ಗದ್ದೆಗೆ ಹರಿಯಬಾರದು. ನೆಡುವ ಮುನ್ನ ಪ್ರತಿ ತುಂಡಿನ ಕತ್ತರಿಸಿದ ಬಾಯಿಯನ್ನು ನೋಡಬೇಕು. ಕೆಂಪು ಕಂಡರೆ ಅದನ್ನು ಗದ್ದೆಗೆ ಇಳಿಸದೆ ಸುಟ್ಟುಹಾಕಬೇಕು.