ಪದಕದ ಅಂಚು, ಮನೆತನದ ನೆನಪು

ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಕಂಚಿನ ಯೋಧರು ಜೋಧಪುರ, ಮೈಸೂರು, ಹೈದರಾಬಾದು ಸಂಸ್ಥಾನಗಳ ಅಶ್ವದಳಗಳ ಪ್ರತೀಕಗಳು. ಮೊದಲನೆಯ ಮಹಾಯುದ್ಧದಲ್ಲಿ ಈ ದಳಗಳು ಒಂದೇ ಬ್ರಿಗೇಡಿನಲ್ಲಿ ಸೇರಿ ಈಜಿಪ್ಟ್ ಮತ್ತು ಪ್ಯಾಲೆಸ್ಟೈನ್ ರಂಗಗಳಲ್ಲಿ ಸೇವೆ ಸಲ್ಲಿಸಿದವು. 1918ರ ಸೆಪ್ಟೆಂಬರ್ 23ರಂದು ಜೋಧಪುರ, ಮೈಸೂರು ದಳಗಳ ಸವಾರರು ಹೈಫಾ ನಗರವನ್ನು ಗೆದ್ದರು.

ಮೈಸೂರಿನ ಸವಾರರಿಗೆ ಬೆಂಗಳೂರಿನಲ್ಲಿ ಸ್ಮಾರಕವಿದೆ. ಅವರ ವಂಶಜರು ಹೈಫಾ ದಿನವನ್ನು ಆಚರಿಸುತ್ತ ಬಂದಿದ್ದಾರೆ. ಕಲಬುರಗಿ, ಕಮಲಾಪುರಗಳು ಆಗ ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದವು. ಆ ಸಂಸ್ಥಾನವು 1948ರಲ್ಲಿ ಭಾರತದೊಡನೆ ಒಂದುಗೂಡಿತು. 1956ರಲ್ಲಿ ಅದರ ಪ್ರದೇಶವು ಮೂರು ರಾಜ್ಯಗಳಿಗೆ ಹಂಚಿಹೋಯಿತು. ಸೈನ್ಯವನ್ನು ಕಟ್ಟಿದ ರಾಜ್ಯವೇ ಇಲ್ಲವಾದ ಮೇಲೆ ಸೈನಿಕನ ನೆನಪನ್ನು ಕಾಯುವ ಹೊಣೆ ಮನೆತನದ ಮೇಲೆ ಬಿತ್ತು.

ಆ ಯುದ್ಧದ ಪದಕಗಳ ಅಂಚಿನಲ್ಲಿ ಸೈನಿಕನ ಹೆಸರೂ ದಳವೂ ಅಚ್ಚಾಗಿರುತ್ತವೆ, ಊರಿನ ಹೆಸರಿರುವುದಿಲ್ಲ. ಆತನು ಯಾವ ಊರಿನವನು, ಯಾರ ಮಗ, ಮರಳಿ ಬಂದು ಹೇಗೆ ಬಾಳಿದನು ಎಂಬುದನ್ನು ಮನೆಯವರೇ ಹೇಳಬೇಕು. ಸಂಸ್ಥಾನದ ಆಡಳಿತಭಾಷೆ ಉರ್ದುವಾಗಿದ್ದುದರಿಂದ, ಅಂದಿನ ಸರಕಾರಿ ಕಾಗದಗಳು ಕನ್ನಡ ಶಾಲೆಯಲ್ಲಿ ಓದಿದ ಮೊಮ್ಮಕ್ಕಳಿಗೆ ಮೂಕವಾಗಿಬಿಡುತ್ತವೆ. ಓದಲಾಗದ ಕಾಗದವು ಹಳೆಯ ರದ್ದಿಯೊಡನೆ ಹೋಗುವುದು ಸುಲಭ.

ಮನೆಯ ನೆನಪಿನಲ್ಲಿ ತಿಥಿ ತಪ್ಪಬಹುದು, ಶೌರ್ಯ ಹಿಗ್ಗಬಹುದು. ಆದುದರಿಂದ ಅದನ್ನು ಪದಕ, ಕಾಗದಗಳೊಡನೆ ಹೋಲಿಸಿಯೇ ಸ್ವೀಕರಿಸಬೇಕೆಂದು ನಾವು ಭಾವಿಸುತ್ತೇವೆ. ಕಮಲಾಪುರದ ಸುತ್ತಣ ವಿದ್ಯಾರ್ಥಿಗಳು ತಮ್ಮೂರಿನ ಹಿರಿಯರನ್ನು ಕೇಳಿ, ಉರ್ದು ಬಲ್ಲವರಿಂದ ಕಾಗದಗಳನ್ನು ಓದಿಸಿ ಬರೆದಿಟ್ಟರೆ, ದಳದ ಇತಿಹಾಸದೊಳಕ್ಕೆ ಊರೂ ಸೇರುವುದು.