ಊಟ ಮುಗಿದ ಮೇಲಿನ ಹಸಿವು



ಕೆಲವು ತಿಂಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮನೆಗೆ ಬಂದಿದ್ದ. ಇಬ್ಬರೂ ಒಟ್ಟಿಗೆ ಕುಳಿತು ಊಟ ಮಾಡಿದೆವು. ಹುಳಿ, ಪಲ್ಯ, ಮಜ್ಜಿಗೆ ಅನ್ನ ಎಲ್ಲವೂ ಆಯಿತು. ಕೈ ತೊಳೆದು ಬಂದವನೇ ನಾನು ನೇರವಾಗಿ ಅಡುಗೆಮನೆಯ ಗೂಡಿನತ್ತ ಹೋಗಿ ಕೋಡುಬಳೆಯ ಡಬ್ಬಿಯ ಮುಚ್ಚಳ ತೆಗೆದೆ. ಅವನು, "ಸಾರ್, ಈಗ ತಾನೇ ಊಟ ಆಯಿತಲ್ಲ!" ಎಂದು ನಕ್ಕ. ನಾನೂ ನಕ್ಕೆ. ಆದರೆ ರಾತ್ರಿ ಮಲಗಿದಾಗ ಆ ಮಾತು ಮತ್ತೆ ಮತ್ತೆ ನೆನಪಾಯಿತು. ಹೊಟ್ಟೆ ತುಂಬಿತ್ತು, ನಾಲಗೆಗೂ ಕೊರತೆಯಿರಲಿಲ್ಲ. ಹಾಗಿದ್ದರೆ ಡಬ್ಬಿಯ ಕಡೆಗೆ ನನ್ನನ್ನು ಎಳೆದದ್ದು ಯಾವುದು?

ಇದು ನನಗೆ ನಗೆಯ ವಿಷಯವಲ್ಲ. ನಿವೃತ್ತಿಯಾದ ಮರುವರ್ಷವೇ ನನಗೆ ಮಧುಮೇಹ ಕಾಣಿಸಿಕೊಂಡಿತು. ನನ್ನ ಅಣ್ಣನವರು ಇದೇ ರೋಗದಿಂದ ಕಾಲಿನ ಗಾಯ ಮಾಯದೆ, ಕೊನೆಗೆ ಮೊಣಕಾಲಿನಿಂದ ಕೆಳಗೆ ಕಾಲನ್ನೇ ಕಳೆದುಕೊಂಡರು. ಅವರಿಗೂ ಇದೇ ಅಭ್ಯಾಸವಿತ್ತು. ಊಟ ಮಿತವಾಗಿಯೇ ಇರುತ್ತಿತ್ತು, ಆದರೆ ಊಟದ ನಂತರದ ತಿನಿಸಿಗೆ ಮಿತಿಯಿರಲಿಲ್ಲ. ಇತಿಹಾಸ ಪಾಠ ಮಾಡಿದ ಮನುಷ್ಯ ನಾನು. ಕಷ್ಟ ಬಂದಾಗ ಹಿಂದಿನವರು ಏನು ಮಾಡಿದರು ಎಂದು ನೋಡುವುದು ನನ್ನ ಸ್ವಭಾವ. ಹಾಗೆ ಹುಡುಕಿದಾಗ ದೊರೆತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ತಿಳಿದದ್ದೇನೆಂದರೆ, ಈ ಚಪಲ ನನ್ನೊಬ್ಬನದಲ್ಲ, ಹೊಸದೂ ಅಲ್ಲ. ನಮ್ಮ ಆಯುರ್ವೇದದಲ್ಲಿ ಇದಕ್ಕೆ ಪ್ರತ್ಯೇಕ ಹೆಸರೇ ಇದೆ: ಅಧ್ಯಶನ. ಉಂಡದ್ದು ಜೀರ್ಣವಾಗುವ ಮೊದಲೇ ಅದರ ಮೇಲೆ ಮತ್ತೆ ತಿನ್ನುವುದೆಂದು ಅರ್ಥ. ಸುಮಾರು 7ನೆಯ ಶತಮಾನದ ವಾಗ್ಭಟನು ತನ್ನ 'ಅಷ್ಟಾಂಗಹೃದಯ'ದಲ್ಲಿ ಆಹಾರದ ಪ್ರಮಾಣಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಹೊಟ್ಟೆಯನ್ನು ನಾಲ್ಕು ಭಾಗವೆಂದು ಭಾವಿಸಿ, ಎರಡು ಭಾಗ ಅನ್ನಕ್ಕೂ ಒಂದು ಭಾಗ ದ್ರವಕ್ಕೂ ಕೊಟ್ಟು, ಉಳಿದ ಒಂದು ಭಾಗವನ್ನು ವಾಯುವಿನ ಸಂಚಾರಕ್ಕೆ ಖಾಲಿ ಬಿಡಬೇಕೆಂಬುದು ಅವನ ಉಪದೇಶ. ಅಧ್ಯಶನವೆಂಬುದು ಆ ಖಾಲಿ ಭಾಗದ ಮೇಲೆ ನಡೆಯುವ ಅತಿಕ್ರಮಣ.

ಆದರೆ ಉಪದೇಶ ತಿಳಿಯುವುದು ಬೇರೆ, ಪಾಲಿಸುವುದು ಬೇರೆ. "ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನಾನೇ ನಿಮ್ಮಿಂದ ಎಷ್ಟು ಸಲ ಬರೆಸಿಲ್ಲ! ಗೆದ್ದವರು ಹೇಗೆ ಗೆದ್ದರು ಎಂಬುದೇ ನನಗೆ ಬೇಕಾಗಿದ್ದ ಪಾಠ. ಅದು ದೊರೆತದ್ದು ಒಬ್ಬ ದೊರೆಯ ಕಥೆಯಲ್ಲಿ.

ಕೋಸಲ ದೇಶದ ಅರಸ ಪ್ರಸೇನಜಿತ. ಶ್ರಾವಸ್ತಿ ಅವನ ರಾಜಧಾನಿ. ಬುದ್ಧನ ಸಮಕಾಲೀನ. ಪಾಲಿ ಭಾಷೆಯ ಸಂಯುತ್ತ ನಿಕಾಯದಲ್ಲಿ ಅವನ ಊಟದ ಬಗ್ಗೆಯೇ ಒಂದು ಪುಟ್ಟ ಸೂತ್ರವಿದೆ. ಅವನು ಒಂದು ಹೊತ್ತಿಗೆ ಒಂದು ದ್ರೋಣದ ಅನ್ನವನ್ನು ಉಣ್ಣುತ್ತಿದ್ದನಂತೆ. ಒಮ್ಮೆ ಹಾಗೆಯೇ ಉಂಡು, ಏದುಸಿರು ಬಿಡುತ್ತಾ ಬುದ್ಧನ ಬಳಿಗೆ ಬಂದ. ಬುದ್ಧನು ಗದರಿಸಲಿಲ್ಲ, ಉಪವಾಸ ಮಾಡೆಂದೂ ಹೇಳಲಿಲ್ಲ. ಎಚ್ಚರದಿಂದಿದ್ದು ಉಣ್ಣುವಾಗ ಪ್ರಮಾಣವನ್ನರಿತವನಿಗೆ ನೋವು ಕಡಿಮೆಯಾಗುತ್ತದೆ, ಮುಪ್ಪು ನಿಧಾನವಾಗಿ ಬರುತ್ತದೆ ಎಂಬರ್ಥದ ಒಂದು ಗಾಥೆಯನ್ನು ನುಡಿದನು, ಅಷ್ಟೆ. ಅರಸನ ಹಿಂದೆ ಸುದರ್ಶನನೆಂಬ ತರುಣ ನಿಂತಿದ್ದ. ಅರಸ ಅವನ ಕಡೆಗೆ ತಿರುಗಿ, ಈ ಗಾಥೆಯನ್ನು ಕಲಿತು ತಾನು ಊಟಕ್ಕೆ ಕುಳಿತಾಗಲೆಲ್ಲ ಹೇಳಬೇಕೆಂದೂ, ಅದಕ್ಕಾಗಿ ದಿನಕ್ಕೆ ನೂರು ಕಹಾಪಣ ನಾಣ್ಯಗಳನ್ನು ಕೊಡುವೆನೆಂದೂ ಹೇಳಿದ. ಕ್ರಮೇಣ ಅರಸನ ಊಟ ದ್ರೋಣದಿಂದ ಒಂದು ನಾಳಿಯ ಅಳತೆಗೆ ಇಳಿಯಿತು. ಮೈ ಹಗುರಾದ ಮೇಲೆ ಅವನು ತನ್ನ ಅಂಗಾಂಗಗಳನ್ನು ನೇವರಿಸಿಕೊಂಡು ಬುದ್ಧನ ಕರುಣೆಯನ್ನು ಸ್ಮರಿಸಿದನೆಂದು ಸೂತ್ರ ಮುಗಿಯುತ್ತದೆ.

ಈ ಸೂತ್ರಕ್ಕೆ ನಂತರದ ಕಾಲದಲ್ಲಿ ಬಂದ ವ್ಯಾಖ್ಯಾನಗಳು ಒಂದು ಸೊಗಸಾದ ವಿವರವನ್ನು ಸೇರಿಸುತ್ತವೆ. ಗಾಥೆಯನ್ನು ಊಟದ ಮೊದಲಲ್ಲಿ ಹೇಳಬಾರದು, ಕೊನೆಯ ತುತ್ತನ್ನು ಎತ್ತುವಾಗ ಹೇಳಬೇಕು. ಅರಸ ಆ ತುತ್ತನ್ನು ಕೆಳಗಿಡುತ್ತಾನೆ. ಅದರಲ್ಲಿ ಎಷ್ಟು ಅಗುಳಿತ್ತೋ ಅಷ್ಟು ಅಕ್ಕಿಯನ್ನು ಮುಂದಿನ ಅಡುಗೆಯಲ್ಲಿ ಕಡಿಮೆ ಮಾಡಬೇಕು. ಒಂದೇ ದಿನ ಅರ್ಧ ಊಟ ಬಿಡುವ ಶಪಥವಲ್ಲ. ದಿನಕ್ಕೊಂದು ತುತ್ತಿನ ಲೆಕ್ಕ. ಇನ್ನೊಂದು ಅಂಶವನ್ನೂ ಗಮನಿಸಿ. ರಾಜ್ಯವನ್ನಾಳುವ ದೊರೆಗೆ ತನ್ನ ಮನಸ್ಸನ್ನು ತಾನೊಬ್ಬನೇ ಆಳಲಾರೆನೆಂದು ಗೊತ್ತಿತ್ತು. ಅದಕ್ಕಾಗಿ ಸಂಬಳ ಕೊಟ್ಟು ಒಬ್ಬ ಹುಡುಗನ ದನಿಯನ್ನು ಇಟ್ಟುಕೊಂಡ. ಇದರಲ್ಲಿ ಅವಮಾನವನ್ನು ಅವನು ಕಾಣಲಿಲ್ಲ.

ನಮ್ಮ ನಾಡಿನಲ್ಲಿ ಶತಮಾನಗಳ ಕಾಲ ಬೇರೂರಿದ್ದ ಜೈನಧರ್ಮವಂತೂ ಇದನ್ನು ತಪಸ್ಸೆಂದೇ ಕರೆಯಿತು. 'ತತ್ತ್ವಾರ್ಥಸೂತ್ರ'ವು ಹೇಳುವ ಆರು ಬಾಹ್ಯ ತಪಸ್ಸುಗಳಲ್ಲಿ ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ, ಅಂದರೆ ಹೊಟ್ಟೆ ತುಂಬುವುದಕ್ಕಿಂತ ಕಡಿಮೆ ಉಣ್ಣುವುದು. ಊಟವನ್ನೇ ಬಿಡುವುದು ಒಂದು ತಪಸ್ಸಾದರೆ, ಊಟಕ್ಕೆ ಕುಳಿತು ನಡುವೆ ನಿಲ್ಲಿಸುವುದು ಇನ್ನೊಂದು ತಪಸ್ಸು. ಇವೆರಡನ್ನೂ ಬೇರೆ ಬೇರೆಯಾಗಿ ಎಣಿಸಿದ ಆ ಸೂಕ್ಷ್ಮತೆಯನ್ನು ನಾನು ಮೆಚ್ಚುತ್ತೇನೆ. ಏಕಾದಶಿಯ ಉಪವಾಸ ನನಗೆ ಎಂದೂ ಕಷ್ಟವಾಗಲಿಲ್ಲ. ದ್ವಾದಶಿಯ ಊಟವನ್ನು ನಿಲ್ಲಿಸುವುದೇ ಕಷ್ಟ.

ಯುರೋಪಿನಲ್ಲಿಯೂ ಇಂಥ ಒಬ್ಬನಿದ್ದ. ವೆನಿಸ್ ರಾಜ್ಯದ ಪಡುವಾ ನಗರದಲ್ಲಿದ್ದ ಆಲ್ವೀಸೆ ಕೊರ್ನಾರೋ. ಯೌವನದಲ್ಲಿ ತಿಂದು ಕುಡಿದು ನಲವತ್ತರ ಹೊತ್ತಿಗೆ ಹಾಸಿಗೆ ಹಿಡಿಯುವ ಸ್ಥಿತಿಗೆ ಬಂದಿದ್ದ. ಮಿತವಾದ ಜೀವನವಲ್ಲದೆ ಬೇರೆ ಔಷಧವಿಲ್ಲವೆಂದು ವೈದ್ಯರು ಹೇಳಿದಾಗ, ದಿನಕ್ಕೆ 12 ಔನ್ಸ್ ಆಹಾರ, 14 ಔನ್ಸ್ ದ್ರಾಕ್ಷಾರಸ ಎಂದು ಅಳತೆ ಗೊತ್ತುಮಾಡಿಕೊಂಡ. ವೃದ್ಧಾಪ್ಯದಲ್ಲಿ ತನ್ನ ಅನುಭವವನ್ನು ಬರೆದು 1558ರಲ್ಲಿ ಪ್ರಕಟಿಸಿದ. ಒಮ್ಮೆ ಬಂಧುಮಿತ್ರರ ಒತ್ತಾಯಕ್ಕೆ ಮಣಿದು ಎರಡೆರಡು ಔನ್ಸ್ ಹೆಚ್ಚಿಸಿದಾಗ ಕೆಲವೇ ದಿನಗಳಲ್ಲಿ ಕಾಯಿಲೆ ಬಿದ್ದೆನೆಂದೂ, ಹಳೆಯ ಅಳತೆಗೆ ಮರಳಿದ ಮೇಲೆಯೇ ಚೇತರಿಸಿಕೊಂಡೆನೆಂದೂ ಅವನೇ ಹೇಳಿದ್ದಾನೆ. ಅವನು ತೀರಿಕೊಂಡದ್ದು 1566ರಲ್ಲಿ, ಎಂಬತ್ತು ದಾಟಿದ ಮೇಲೆ. ಆ ಅಳತೆ ನಮಗೆಲ್ಲ ಒಗ್ಗುವುದಿಲ್ಲ. ಆದರೆ "ಇನ್ನೊಂದಿಷ್ಟು ಬಡಿಸಿಕೊಳ್ಳಿ" ಎಂಬ ಪ್ರೀತಿಯ ಒತ್ತಾಯ ಎಲ್ಲ ದೇಶದಲ್ಲೂ ಒಂದೇ ಎಂದು ಓದಿ ನಗು ಬಂತು.

ಗಾಂಧೀಜಿಯವರು 1915ರಲ್ಲಿ ಹರಿದ್ವಾರದ ಕುಂಭಮೇಳಕ್ಕೆ ಹೋದಾಗ ಎರಡು ವ್ರತಗಳನ್ನು ತೊಟ್ಟರು: ದಿನಕ್ಕೆ ಐದಕ್ಕಿಂತ ಹೆಚ್ಚು ಬಗೆಯ ಪದಾರ್ಥಗಳನ್ನು ತಿನ್ನಬಾರದು, ಕತ್ತಲಾದ ಮೇಲೆ ತಿನ್ನಬಾರದು. ರುಚಿಯ ನಿಜವಾದ ನೆಲೆ ನಾಲಗೆಯಲ್ಲ, ಮನಸ್ಸು ಎಂಬುದು ಅವರ ಅನುಭವ. ಆದರೂ ಅವರು ಮನಸ್ಸಿನ ಜೊತೆ ದಿನವೂ ವಾದಕ್ಕೆ ಕೂರಲಿಲ್ಲ. ಐದು ಎಂಬ ಸಂಖ್ಯೆಯನ್ನೂ ಸೂರ್ಯಾಸ್ತವನ್ನೂ ಗಡಿಯಾಗಿ ಇಟ್ಟುಕೊಂಡರು.

ಬಗೆಗಳನ್ನು ಎಣಿಸುವುದರಲ್ಲಿ ಅರ್ಥವಿದೆಯೆಂದು ವಿಜ್ಞಾನವೂ ನಂತರ ತೋರಿಸಿತು. ತಿನ್ನುತ್ತಿರುವ ಪದಾರ್ಥದ ಮೇಲಿನ ಆಸೆ ಬೇಗ ತಣಿಯುತ್ತದೆ. ಬೇರೆ ರುಚಿಯ ಪದಾರ್ಥ ಎದುರಿಗೆ ಬಂದರೆ ಆಸೆ ಮತ್ತೆ ಹುಟ್ಟುತ್ತದೆ ಎಂಬುದನ್ನು 1980ರ ದಶಕದ ಆರಂಭದಲ್ಲಿ ಬಾರ್ಬರಾ ರೋಲ್ಸ್, ಎಡ್ಮಂಡ್ ರೋಲ್ಸ್ ಮತ್ತು ಸಂಗಡಿಗರು ಪ್ರಯೋಗಗಳಿಂದ ಕಂಡುಕೊಂಡರು. ಅನ್ನ ಸಾಕೆಂದವನಿಗೆ ಕೋಡುಬಳೆ ಬೇಕೆನಿಸುವುದು ಹೀಗೆ. ಇನ್ನು, ಸಾಕೆಂಬ ಸುದ್ದಿಯನ್ನು ಒಯ್ಯುವ ರಸಗಳೂ ದೇಹದಲ್ಲಿವೆ. ಕರುಳಿನಲ್ಲಿ ಹುಟ್ಟುವ ಕೋಲಿಸಿಸ್ಟೋಕೈನಿನ್ ಎಂಬುದು ಇಲಿಗಳ ಊಟವನ್ನು ಕಡಿಮೆ ಮಾಡುತ್ತದೆಂದು 1973ರಲ್ಲಿ ತಿಳಿಯಿತು. ಕೊಬ್ಬಿನಲ್ಲಿ ಹುಟ್ಟುವ ಲೆಪ್ಟಿನ್ 1994ರಲ್ಲಿಯೂ, ಹಸಿವನ್ನು ಕೆರಳಿಸುವ ಗ್ರೆಲಿನ್ 1999ರಲ್ಲಿಯೂ ಪತ್ತೆಯಾದವು. ಹೊಟ್ಟೆಯ ಸುದ್ದಿ ಮೆದುಳನ್ನು ಮುಟ್ಟಲು ಸ್ವಲ್ಪ ಹೊತ್ತು ಬೇಕು. ಆ ಹೊತ್ತಿನಲ್ಲಿಯೇ ನಾವು ಡಬ್ಬಿ ತೆರೆಯುತ್ತೇವೆ.

ಇದನ್ನೆಲ್ಲ ಓದಿದಾಗ ನನ್ನ ತಂದೆಯವರು ನೆನಪಾದರು. ಮಜ್ಜಿಗೆ ಅನ್ನವಾದ ಮೇಲೆ ಅಂಗೈಯಲ್ಲಿ ನೀರು ಹಾಕಿಸಿಕೊಂಡು ಉತ್ತರಾಪೋಶನ ತೆಗೆದುಕೊಳ್ಳುತ್ತಿದ್ದರು. ಅದಾದ ಮೇಲೆ ಅಮೃತವನ್ನು ತಂದಿಟ್ಟರೂ ಮುಟ್ಟುತ್ತಿರಲಿಲ್ಲ. ಆಮೇಲೆ ಜಗುಲಿಯಲ್ಲಿ ಕುಳಿತು ಎಲೆ ಅಡಿಕೆ. ಬಾಯಿಯ ರುಚಿಯೇ ಬದಲಾಗಿಬಿಡುತ್ತಿತ್ತು. ನಾವು ಓದುಬರಹ ಕಲಿತ ಮಕ್ಕಳು ಅದನ್ನು ಬರೀ ಶಾಸ್ತ್ರವೆಂದು ಬಿಟ್ಟೆವು. ಊಟಕ್ಕೊಂದು ಬಾಗಿಲಿತ್ತು, ಅದನ್ನು ಅವರು ಮುಚ್ಚುತ್ತಿದ್ದರು. ನಮ್ಮ ಊಟಕ್ಕೆ ಬಾಗಿಲೇ ಇಲ್ಲದಂತಾಯಿತು. ದೊರೆಗೆ ಹುಡುಗನ ದನಿ, ಕೊರ್ನಾರೋಗೆ ತಕ್ಕಡಿ, ಗಾಂಧೀಜಿಗೆ ಸಂಖ್ಯೆ, ನನ್ನ ತಂದೆಗೆ ಒಂದು ಹನಿ ನೀರು. ಇವರಲ್ಲಿ ಯಾರೂ ಬರೀ ಮನೋಬಲವನ್ನು ನಂಬಿ ಕೂರಲಿಲ್ಲ. ಮನಸ್ಸಿನ ಹೊರಗೆ ಒಂದು ಗೆರೆ ಎಳೆದುಕೊಂಡರು.

ನಾನೂ ಒಬ್ಬ ಸುದರ್ಶನನನ್ನು ನೇಮಿಸಿಕೊಂಡೆ. ಎಂಟು ವರ್ಷದ ನನ್ನ ಮೊಮ್ಮಗಳು! ಮಜ್ಜಿಗೆ ಅನ್ನದ ಕೊನೆಯ ತುತ್ತಿನ ಹೊತ್ತಿಗೆ ಅವಳು, "ತಾತ, ಬಾಗಿಲು ಹಾಕಿ" ಎನ್ನುತ್ತಾಳೆ. ಕಹಾಪಣಗಳ ಬದಲು ದಿನಕ್ಕೊಂದು ಕಥೆ ಸಂಬಳ. ಕೋಡುಬಳೆಯ ಡಬ್ಬಿಯನ್ನು ಮನೆಯಾಕೆ ಅಟ್ಟಕ್ಕೇರಿಸಿದ್ದಾಳೆ. ಊಟವಾದ ಕೂಡಲೇ ಅಂಗಳದಲ್ಲಿ ಇಪ್ಪತ್ತು ನಿಮಿಷ ನಡೆಯುತ್ತೇನೆ. ಅಷ್ಟರಲ್ಲಿ ಆಸೆ ಬಹುಮಟ್ಟಿಗೆ ತಾನಾಗಿಯೇ ಅಡಗಿರುತ್ತದೆ. ಪೂರ್ತಿ ಗೆದ್ದೆನೆಂದು ಹೇಳಲಾರೆ. ಗೌರಿಹಬ್ಬದ ದಿನ ಸೋತೆ. ಮರುದಿನ ಮೊಮ್ಮಗಳು ಏನೂ ಆಗದವಳಂತೆ ತನ್ನ ಕೆಲಸ ಮುಂದುವರಿಸಿದಳು.

ನಿಮ್ಮಲ್ಲಿ ಕೆಲವರಿಗೆ ಈ ಬಯಕೆ ಇನ್ನೂ ಬಲವಾಗಿರಬಹುದು, ತಡೆಯಲಾರದೆ ತಿಂದು ಆಮೇಲೆ ಒಬ್ಬರೇ ಕೊರಗುವಷ್ಟು. ಅದನ್ನು ಇಂದಿನ ವೈದ್ಯಶಾಸ್ತ್ರ ಕಾಯಿಲೆಯೆಂದೇ ಗುರುತಿಸಿದೆ, ಅದಕ್ಕೆ ಚಿಕಿತ್ಸೆಯೂ ಇದೆ. ನಾಚಿಕೊಂಡು ಮುಚ್ಚಿಡಬೇಡಿ. ಕೋಸಲದ ದೊರೆಯೇ ಬುದ್ಧನ ಮುಂದೆ ಏದುಸಿರು ಬಿಡುತ್ತಾ ನಿಂತಿದ್ದನಲ್ಲವೇ?

ಅಣ್ಣನವರಿಗೂ ಊಟದ ಕೊನೆಗೆ ಹೀಗೊಂದು ದನಿ ಕೇಳಿಸಿದ್ದರೆ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ನಾನು ಅವರ ಪಕ್ಕದಲ್ಲಿಯೇ ಕುಳಿತು ಉಣ್ಣುತ್ತಿದ್ದೆ. ಹೇಳಬಹುದಿತ್ತು, ಹೇಳಲಿಲ್ಲ, ಡಬ್ಬಿಗೆ ನಾನೂ ಕೈ ಹಾಕುತ್ತಿದ್ದೆ. ನಿಮ್ಮ ಪಕ್ಕದಲ್ಲಿ ಕುಳಿತು ಉಣ್ಣುವವರಿಗೆ ನೀವು ಹೇಳಿ, ಮೆಲ್ಲಗೆ, ಪ್ರೀತಿಯಿಂದ.