ಉಮೇದುವಾರರ ವಾದಸಭೆ: ಇಲಿನಾಯ್ ಬಯಲಿನಿಂದ ಅಂತರ್ಜಾಲದವರೆಗೆ

ಚುನಾವಣೆಯಲ್ಲಿ ಸ್ಪರ್ಧಿಸುವ ಉಮೇದುವಾರರು ಎದುರುಬದುರಾಗಿ ನಿಂತು, ಮತದಾರರ ಸಮಕ್ಷಮದಲ್ಲಿ ತಮ್ಮ ತಮ್ಮ ಪಕ್ಷವನ್ನು ಪ್ರತಿಪಾದಿಸುವ ಪದ್ಧತಿಯು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದು ಬಂದ ಬಗೆ ರಾಜಕೀಯ ಇತಿಹಾಸದ ಅಭ್ಯಾಸಿಗಳು ಗಮನಿಸತಕ್ಕ ವಿಷಯವಾಗಿದೆ. ಊರ ಬಯಲಿನಲ್ಲಿ ನಡೆಯುತ್ತಿದ್ದ ಈ ವಾದವು ರೇಡಿಯೋ ಮತ್ತು ದೂರದರ್ಶನಗಳನ್ನು ಹಾಯ್ದು, ೧೯೯೪ರಿಂದ ಈಚೆಗೆ ಅಂತರ್ಜಾಲವನ್ನು ಹೊಕ್ಕಿದೆ. ಸಾಧನವು ಬದಲಾದಾಗಲೆಲ್ಲ, ಇನ್ನು ಮತದಾರನಿಗೂ ಉಮೇದುವಾರನಿಗೂ ನಡುವೆ ಅಡ್ಡಗೋಡೆಯೇ ಇರದೆಂಬ ಆಶೆಯು ಹುಟ್ಟಿದೆ. ಆ ಆಶೆಯು ಎಷ್ಟರಮಟ್ಟಿಗೆ ಸಫಲವಾಯಿತೆಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ.

ವಾದವೆಂಬುದು ನಮಗೆ ಹೊಸದಲ್ಲ. ನಮ್ಮ ನ್ಯಾಯದರ್ಶನವು ಇಬ್ಬರ ನಡುವಣ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ವಿಂಗಡಿಸುತ್ತದೆ. ತತ್ತ್ವನಿರ್ಣಯವೇ ಗುರಿಯಾಗಿದ್ದರೆ ಅದು ವಾದ. ಹೇಗಾದರೂ ಗೆಲ್ಲಬೇಕೆಂಬ ಹಟವಿದ್ದರೆ ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಾಳಿಯ ಮಾತನ್ನು ಮುರಿಯುವುದಷ್ಟೇ ಕೆಲಸವಾದರೆ ವಿತಂಡ. ಚುನಾವಣೆಗೆ ನಿಂತವರಲ್ಲಿ ಗೆಲ್ಲುವ ಬಯಕೆಯಿಲ್ಲದವರು ವಿರಳವಾದುದರಿಂದ, ಅವರ ವಾದಸಭೆಯು ಬಹುಮಟ್ಟಿಗೆ ಜಲ್ಪದ ವರ್ಗಕ್ಕೇ ಸೇರಿದುದೆಂದರೆ ತಪ್ಪಾಗಲಾರದು. ಅದು ವಿತಂಡಕ್ಕೆ ಇಳಿಯದಂತೆ ತಡೆಯುವವರಾರು? ಶಾಸ್ತ್ರವಾದದಲ್ಲಿ ಆ ಭಾರವನ್ನು ಮಧ್ಯಸ್ಥನು ಹೊರುತ್ತಿದ್ದನು. ಅಮೆರಿಕದ ವಾದಸಭೆಗಳ ಇತಿಹಾಸವನ್ನು ಈ ಮಧ್ಯಸ್ಥನ ಇತಿಹಾಸವಾಗಿ ಓದಿದರೆ, ಹಲವು ಸಂಗತಿಗಳು ಸ್ಪಷ್ಟವಾಗುತ್ತವೆಂದು ನಮ್ಮ ಅಭಿಪ್ರಾಯ.

೧

೧೮೫೮ರಲ್ಲಿ ಇಲಿನಾಯ್ ಸಂಸ್ಥಾನದ ಸೆನೆಟ್ ಸ್ಥಾನಕ್ಕಾಗಿ ಸ್ಟೀಫನ್ ಡಗ್ಲಸನೂ ಅಬ್ರಹಾಂ ಲಿಂಕನ್ನನೂ ಏಳು ಊರುಗಳಲ್ಲಿ ವಾದಿಸಿದರು. ಆಗಸ್ಟ್ ೨೧ರಂದು ಒಟ್ಟಾವದಲ್ಲಿ ಆರಂಭವಾದ ಈ ಸರಣಿಯು ಅಕ್ಟೋಬರ್ ೧೫ರಂದು ಆಲ್ಟನ್ನಿನಲ್ಲಿ ಮುಗಿಯಿತು. ನಿಯಮವು ಸರಳವಾಗಿದ್ದಿತು. ಮೊದಲನೆಯವನಿಗೆ ಒಂದು ಗಂಟೆ. ಎರಡನೆಯವನಿಗೆ ಒಂದೂವರೆ ಗಂಟೆ. ಮತ್ತೆ ಮೊದಲನೆಯವನ ಪ್ರತ್ಯುತ್ತರಕ್ಕೆ ಅರ್ಧ ಗಂಟೆ. ಪ್ರಶ್ನೆ ಕೇಳುವ ಪತ್ರಕರ್ತರು ವೇದಿಕೆಯ ಮೇಲೆ ಇರಲಿಲ್ಲ. ಉಮೇದುವಾರರು ಒಬ್ಬರನ್ನೊಬ್ಬರು ತಾವೇ ಪ್ರಶ್ನಿಸಿಕೊಳ್ಳುತ್ತಿದ್ದರು.

ಹಾಗಾದರೆ ಇಲ್ಲಿ ಮಧ್ಯಸ್ಥನು ಯಾರು? ಒಂದು ಗಡಿಯಾರ; ಇನ್ನೊಂದು ಶೀಘ್ರಲಿಪಿಕಾರನ ಲೇಖನಿ. ಫ್ರೀಪೋರ್ಟಿನ ಸಭೆಯಲ್ಲಿ ಲಿಂಕನ್ನನು ಕೇಳಿದ ಒಂದು ಪ್ರಶ್ನೆಯು ಇದಕ್ಕೆ ಒಳ್ಳೆಯ ನಿದರ್ಶನ. ಒಂದು ಪ್ರಾಂತವು ಸಂಸ್ಥಾನವಾಗುವ ಮುನ್ನವೇ ಅಲ್ಲಿನ ಜನರು ಗುಲಾಮಗಿರಿಯನ್ನು ನ್ಯಾಯಸಮ್ಮತವಾಗಿ ಹೊರಗಿಡಬಲ್ಲರೆ ಎಂಬುದು ಆ ಪ್ರಶ್ನೆ. ಹಿಂದಿನ ವರ್ಷದ ಡ್ರೆಡ್ ಸ್ಕಾಟ್ ತೀರ್ಪಿನ ಬಳಿಕ ಇದಕ್ಕೆ ಉತ್ತರಿಸುವುದು ಸುಲಭವಾಗಿರಲಿಲ್ಲ. ಸ್ಥಳೀಯ ಶಾಸನಗಳ ಬೆಂಬಲವಿಲ್ಲದೆ ಗುಲಾಮಗಿರಿಯು ಎಲ್ಲಿಯೂ ಬಾಳಲಾರದಾದುದರಿಂದ ಜನರು ಅದನ್ನು ಹೊರಗಿಡಬಲ್ಲರೆಂದು ಡಗ್ಲಸನು ಉತ್ತರಿಸಿದನು. ಇಲಿನಾಯಿಯಲ್ಲಿ ಹಿತವಾಗಿ ಕೇಳಿಸಿದ ಈ ಮಾತು ಅಚ್ಚಾಗಿ ದಕ್ಷಿಣದ ಸಂಸ್ಥಾನಗಳನ್ನು ಮುಟ್ಟಿದಾಗ ಅಲ್ಲಿ ಕಹಿಯಾಯಿತು. ೧೮೬೦ರಲ್ಲಿ ಡೆಮೊಕ್ರಾಟಿಕ್ ಪಕ್ಷವು ಒಡೆದುದಕ್ಕೆ ಈ ಕಹಿಯೂ ಒಂದು ಕಾರಣ.

ದಾಖಲೆಯು ಲಿಂಕನ್ನನನ್ನೂ ಬಿಡಲಿಲ್ಲವೆಂಬುದನ್ನು ಮರೆಯಲಾಗದು. ಬಿಳಿಯರಿಗೂ ಕರಿಯರಿಗೂ ಸಾಮಾಜಿಕ ಹಾಗೂ ರಾಜಕೀಯ ಸಮಾನತೆಯನ್ನು ತಾನು ಬಯಸುವುದಿಲ್ಲವೆಂದು ಚಾರ್ಲ್ಸ್‌ಟನ್ನಿನಲ್ಲಿ ಅವನಾಡಿದ ಮಾತು ಇಂದಿಗೂ ಅವನ ಅಭಿಮಾನಿಗಳನ್ನು ಪೇಚಿಗೆ ಸಿಕ್ಕಿಸುತ್ತದೆ. ಶಿಕಾಗೋದ ಪತ್ರಿಕೆಗಳು ಪಕ್ಷಪಾತಿಗಳಾಗಿದ್ದು, ತಮ್ಮವನ ಮಾತನ್ನು ತಿದ್ದಿ ಚೆಲುವಾಗಿಸಿ, ಎದುರಾಳಿಯ ಮಾತನ್ನು ಒರಟಾಗಿಯೇ ಬಿಡುತ್ತಿದ್ದುವು. ಆದರೆ ಎರಡು ಕಡೆಯ ಪಾಠಗಳೂ ದೊರೆಯುತ್ತಿದ್ದುದರಿಂದ ಒಂದರ ದೋಷವನ್ನು ಇನ್ನೊಂದರಿಂದ ತಿದ್ದಿಕೊಳ್ಳಬಹುದಾಗಿದ್ದಿತು. ಲಿಂಕನ್ನನು ಈ ವರದಿಗಳನ್ನು ಕತ್ತರಿಸಿ ಅಂಟಿಸಿಟ್ಟುಕೊಂಡನು. ೧೮೬೦ರಲ್ಲಿ ಅವು ಗ್ರಂಥರೂಪದಲ್ಲಿ ಪ್ರಕಟವಾದುವು. ಆಗ ಸೆನೆಟರುಗಳನ್ನು ಸಂಸ್ಥಾನದ ಶಾಸನಸಭೆಯು ಆರಿಸುತ್ತಿದ್ದಿತು; ಆ ಚುನಾವಣೆಯಲ್ಲಿ ಗೆದ್ದವನು ಡಗ್ಲಸ್. ಎರಡು ವರ್ಷಗಳ ತರುವಾಯ ಅಧ್ಯಕ್ಷನಾದವನು ಲಿಂಕನ್.

೨

ಇಪ್ಪತ್ತನೆಯ ಶತಮಾನದಲ್ಲಿ ಮಧ್ಯಸ್ಥನ ಸ್ವರೂಪವು ಬದಲಾಯಿತು. ೧೯೪೮ರ ಮೇ ೧೭ರಂದು ಆರೆಗಾನ್ ಸಂಸ್ಥಾನದ ಪೋರ್ಟ್‌ಲೆಂಡಿನಲ್ಲಿ ರಿಪಬ್ಲಿಕನ್ ಪಕ್ಷದ ಥಾಮಸ್ ಡ್ಯೂಯಿ ಮತ್ತು ಹೆರಾಲ್ಡ್ ಸ್ಟಾಸೆನ್ ಅವರು ರೇಡಿಯೋದ ಮೂಲಕ ವಾದಿಸಿದರು. ಕಮ್ಯೂನಿಸ್ಟ್ ಪಕ್ಷವನ್ನು ನಿಷೇಧಿಸಬೇಕೆ ಎಂಬ ಒಂದೇ ವಿಷಯವು ಅಂದಿನ ವಾದಕ್ಕೆ ಆಧಾರವಾಗಿದ್ದಿತು. ೧೮೫೮ರ ಸಂಪ್ರದಾಯದ ನೆರಳು ಇಲ್ಲಿ ಇನ್ನೂ ಕಾಣುತ್ತದೆ.

ದೂರದರ್ಶನಕ್ಕೆ ೧೯೩೪ರ ಸಂಪರ್ಕ ಶಾಸನವೇ ಅಡ್ಡಿಯಾಗಿದ್ದಿತು. ಒಬ್ಬ ಉಮೇದುವಾರನಿಗೆ ಪ್ರಸಾರಕಾಲವನ್ನು ಕೊಟ್ಟರೆ ಅದೇ ಸ್ಥಾನಕ್ಕೆ ನಿಂತ ಎಲ್ಲರಿಗೂ ಸಮನಾಗಿ ಕೊಡಬೇಕೆಂದು ಅದರ ೩೧೫ನೆಯ ಪ್ರಕರಣವು ವಿಧಿಸಿದ್ದಿತು. ೧೯೬೦ರಲ್ಲಿ ಕಾಂಗ್ರೆಸ್ಸು ಅಧ್ಯಕ್ಷಪದವಿಯ ಮಟ್ಟಿಗೆ ಇದನ್ನು ತಾತ್ಕಾಲಿಕವಾಗಿ ತಡೆಹಿಡಿದುದರಿಂದ, ಜಾನ್ ಕೆನಡಿ ಮತ್ತು ರಿಚರ್ಡ್ ನಿಕ್ಸನ್ ಅವರ ನಾಲ್ಕು ವಾದಗಳು ಸಾಧ್ಯವಾದುವು. ಸೆಪ್ಟೆಂಬರ್ ೨೬ರ ಮೊದಲನೆಯ ವಾದವನ್ನು ನೋಡಿದವರು ಸುಮಾರು ಏಳು ಕೋಟಿ ಜನರೆಂದು ಅಂದಾಜು ಮಾಡಲಾಗಿದೆ. ಅಂದು ಪ್ರತಿಯೊಬ್ಬರಿಗೂ ಪ್ರಾರಂಭದಲ್ಲಿ ಎಂಟು ನಿಮಿಷ, ಮುಕ್ತಾಯದಲ್ಲಿ ಮೂರು ನಿಮಿಷ. ನಡುವೆ ಪತ್ರಕರ್ತರ ಪ್ರಶ್ನೆಗಳು. ಮೂರು ಗಂಟೆಗಳ ವಾದವು ಒಂದು ಗಂಟೆಗೆ ಕುಗ್ಗಿತು. ಪ್ರಶ್ನೆಯ ಅಧಿಕಾರವು ಪ್ರತಿವಾದಿಯ ಕೈಯಿಂದ ಪತ್ರಕರ್ತನ ಕೈಗೆ ಹೋಯಿತು. ರೇಡಿಯೋದಲ್ಲಿ ಕೇಳಿದವರು ನಿಕ್ಸನ್ನರೂ ದೂರದರ್ಶನದಲ್ಲಿ ನೋಡಿದವರು ಕೆನಡಿಯವರೂ ಗೆದ್ದರೆಂದು ಭಾವಿಸಿದರೆಂಬ ಮಾತು ಪಠ್ಯಪುಸ್ತಕಗಳಲ್ಲಿ ನೆಲೆನಿಂತಿದೆ. ಅದರ ಆಧಾರವು ದುರ್ಬಲವೆಂದು ಹಲವು ವಿದ್ವಾಂಸರು ತೋರಿಸಿರುವುದರಿಂದ, ವಿದ್ಯಾರ್ಥಿಗಳು ಅದನ್ನು ಎಚ್ಚರಿಕೆಯಿಂದ ಬಳಸುವುದು ಲೇಸು.

ಮುಂದಿನ ಮೂರು ಚುನಾವಣೆಗಳಲ್ಲಿ, ಎಂದರೆ ೧೯೬೪, ೧೯೬೮ ಮತ್ತು ೧೯೭೨ರಲ್ಲಿ, ಅಧ್ಯಕ್ಷಪದವಿಯ ಅಂತಿಮ ಸ್ಪರ್ಧಿಗಳ ವಾದಸಭೆಯೇ ನಡೆಯಲಿಲ್ಲ. ಗೆಲುವಿನ ಭರವಸೆಯುಳ್ಳವನಿಗೆ ವೇದಿಕೆಗೆ ಬರುವುದರಿಂದ ಲಾಭಕ್ಕಿಂತ ಅಪಾಯವೇ ಹೆಚ್ಚು. ಬರಲೇಬೇಕೆಂದು ಕಟ್ಟುಪಾಡು ಮಾಡುವ ಶಾಸನವಾವುದೂ ಇರಲಿಲ್ಲ, ಇಂದಿಗೂ ಇಲ್ಲ.

೧೯೭೬ರಿಂದ ಮಹಿಳಾ ಮತದಾರರ ಸಂಘವು ಈ ಸಭೆಗಳನ್ನು ನಡೆಸಿತು. ೧೯೮೦ರಲ್ಲಿ ಸ್ವತಂತ್ರ ಉಮೇದುವಾರ ಜಾನ್ ಆಂಡರ್ಸನ್ನರನ್ನು ಅದು ಆಹ್ವಾನಿಸಿದುದಕ್ಕಾಗಿ ಅಧ್ಯಕ್ಷ ಕಾರ್ಟರ್ ಅವರು ಮೊದಲ ಸಭೆಗೆ ಬರಲಿಲ್ಲ; ಸಂಘವು ಅವರಿಲ್ಲದೆಯೇ ಸಭೆಯನ್ನು ನಡೆಸಿತು. ಮಧ್ಯಸ್ಥನಿಗಿರಬೇಕಾದ ಧೈರ್ಯವಿದು. ಆದರೆ ೧೯೮೭ರಲ್ಲಿ ಎರಡು ದೊಡ್ಡ ಪಕ್ಷಗಳ ಮುಖ್ಯಸ್ಥರು ಸೇರಿ ಅಧ್ಯಕ್ಷೀಯ ವಾದಸಭೆಗಳ ಆಯೋಗವನ್ನು ಸ್ಥಾಪಿಸಿದರು. ಪ್ರಶ್ನೆ ಕೇಳುವವರು ಯಾರು, ಸಭಿಕರು ಯಾರು ಎಂಬುದನ್ನೆಲ್ಲ ಉಮೇದುವಾರರ ಕಡೆಯವರೇ ತಮ್ಮೊಳಗೆ ಒಪ್ಪಂದ ಮಾಡಿಕೊಂಡರೆಂದು ೧೯೮೮ರ ಅಕ್ಟೋಬರಿನಲ್ಲಿ ಸಂಘವು ಪ್ರತಿಭಟಿಸಿ, ಮತದಾರರನ್ನು ವಂಚಿಸುವ ಕಾರ್ಯಕ್ಕೆ ತಾನು ನೆರವಾಗಲಾರೆನೆಂದು ಹಿಂದೆ ಸರಿಯಿತು. ವಾದಿ ಪ್ರತಿವಾದಿಗಳೇ ಮಧ್ಯಸ್ಥನನ್ನು ನೇಮಿಸಿಕೊಂಡಂತಾಯಿತು. ೨೦೦೦ದಿಂದ ಆಯೋಗವು, ಜನಾಭಿಪ್ರಾಯ ಗಣನೆಗಳಲ್ಲಿ ಶೇಕಡ ೧೫ರ ಬೆಂಬಲವಿಲ್ಲದವರಿಗೆ ವೇದಿಕೆಯಿಲ್ಲವೆಂದು ಗೊತ್ತುಮಾಡಿತು.

೩

ಅಂತರ್ಜಾಲವು ಬಂದಾಗ ಹುಟ್ಟಿದ ಉತ್ಸಾಹವನ್ನು ಈ ಹಿನ್ನೆಲೆಯಲ್ಲಿ ಅರ್ಥಮಾಡಿಕೊಳ್ಳಬೇಕು. ೧೯೯೪ರಲ್ಲಿ ಮಿನ್ನೆಸೋಟ ಸಂಸ್ಥಾನದಲ್ಲಿ ಇ-ಡೆಮೊಕ್ರಸಿ ಎಂಬ ಸ್ವಯಂಸೇವಕ ಸಂಸ್ಥೆಯೊಂದು ಗವರ್ನರ್ ಮತ್ತು ಸೆನೆಟ್ ಸ್ಥಾನಗಳ ಉಮೇದುವಾರರ ವಾದವನ್ನು ವಿದ್ಯುನ್ಮಾನ ಅಂಚೆಯ ಮೂಲಕ ನಡೆಸಿತು. ಅಂತರ್ಜಾಲದಲ್ಲಿ ನಡೆದ ಇಂಥ ವಾದಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ಚಿತ್ರವಿಲ್ಲ, ಧ್ವನಿಯಿಲ್ಲ, ಮುಖದ ಬೆವರು ಕಾಣುವಂತಿಲ್ಲ, ಕೇವಲ ಬರಹ. ಆಗ ಅಂತರ್ಜಾಲದ ಸೌಕರ್ಯವಿದ್ದವರು ಅತ್ಯಲ್ಪ ಸಂಖ್ಯೆಯವರೆಂಬುದು ನಿಜ. ಬರೆದು ಕಳುಹಿಸಿದ ಉತ್ತರವು ಉಮೇದುವಾರನದೋ ಅವನ ಗುಮಾಸ್ತನದೋ ಎಂಬ ಸಂಶಯಕ್ಕೂ ಅವಕಾಶವಿದ್ದಿತು. ಆದರೂ ಉತ್ತರಿಸುವವನಿಗೆ ಯೋಚಿಸಲು ಕಾಲವನ್ನೂ ಓದುವವನಿಗೆ ಮತ್ತೆ ತಿರುವಿ ನೋಡಲು ದಾಖಲೆಯನ್ನೂ ಕೊಟ್ಟ ಈ ಪ್ರಯೋಗವು, ೧೯೬೦ಕ್ಕಿಂತ ೧೮೫೮ಕ್ಕೇ ಹೆಚ್ಚು ಸಮೀಪದ್ದಾಗಿದ್ದಿತು.

ಹದಿಮೂರು ವರ್ಷಗಳ ತರುವಾಯ ನಡೆದುದು ಬೇರೆಯ ಬಗೆಯದು. ೨೦೦೭ರ ಜುಲೈ ೨೩ರಂದು ದಕ್ಷಿಣ ಕ್ಯಾರೋಲಿನದ ಚಾರ್ಲ್ಸ್‌ಟನ್ನಿನಲ್ಲಿ (ಲಿಂಕನ್ನನು ಮಾತನಾಡಿದ ಚಾರ್ಲ್ಸ್‌ಟನ್ ಇದಲ್ಲ) ಸಿ.ಎನ್.ಎನ್. ಮತ್ತು ಯೂಟ್ಯೂಬ್ ಸಂಸ್ಥೆಗಳು ಸೇರಿ ಡೆಮೊಕ್ರಾಟಿಕ್ ಪಕ್ಷದ ಎಂಟು ಮಂದಿ ಆಕಾಂಕ್ಷಿಗಳ ಸಭೆಯನ್ನು ಏರ್ಪಡಿಸಿದುವು. ಸಾಮಾನ್ಯ ನಾಗರಿಕರು ತಮ್ಮ ಮನೆಯಿಂದಲೇ ಪ್ರಶ್ನೆಗಳನ್ನು ಚಿತ್ರೀಕರಿಸಿ ಕಳುಹಿಸಿದರು. ಬಂದುವು ಸುಮಾರು ೩,೦೦೦. ಕೇಳಲ್ಪಟ್ಟುವು ಸುಮಾರು ೪೦. ಹವಾಮಾನದ ತಾಪವನ್ನು ಕುರಿತು ಹಿಮದ ಗೊಂಬೆಯೊಂದು ಪ್ರಶ್ನಿಸಿದುದು ಬಹು ಪ್ರಸಿದ್ಧವಾಯಿತು; ಪತ್ರಕರ್ತನಾದರೆ ಹೀಗೆ ಕೇಳುತ್ತಿರಲಿಲ್ಲ.

ಅದೇ ಸಭೆಯಲ್ಲಿ ನಾಗರಿಕನೊಬ್ಬನು ಕೇಳಿದ ಇನ್ನೊಂದು ಪ್ರಶ್ನೆಯು ಫ್ರೀಪೋರ್ಟಿನ ಪ್ರಶ್ನೆಯನ್ನು ನೆನಪಿಗೆ ತರುತ್ತದೆ. ಇರಾನ್, ಸಿರಿಯ, ವೆನೆಜುವೆಲ, ಕ್ಯೂಬ, ಉತ್ತರ ಕೊರಿಯಗಳ ನಾಯಕರನ್ನು ಯಾವ ಪೂರ್ವನಿಬಂಧನೆಯೂ ಇಲ್ಲದೆ ಮೊದಲ ವರ್ಷದಲ್ಲಿಯೇ ಭೇಟಿ ಮಾಡುವಿರಾ ಎಂಬುದು ಆ ಪ್ರಶ್ನೆ. ಬರಾಕ್ ಒಬಾಮ ಅವರು ಮಾಡುವೆನೆಂದರು. ಹಿಲರಿ ಕ್ಲಿಂಟನ್ ಅವರು ಅಂಥ ಭರವಸೆಯನ್ನು ಕೊಡಲಾರೆನೆಂದರು. ಈ ಭೇದವು ಮುಂದೆ ತಿಂಗಳುಗಟ್ಟಲೆ ಚರ್ಚೆಗೆ ವಸ್ತುವಾಯಿತು. ಸಾಮಾನ್ಯನ ಪ್ರಶ್ನೆಯೂ ನೀತಿಯ ಮರ್ಮವನ್ನು ಮುಟ್ಟಬಲ್ಲುದೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯವು ಬೇಡ.

ಆದರೆ ಮೂರು ಸಾವಿರದಲ್ಲಿ ನಲವತ್ತನ್ನು ಆರಿಸಿದವರು ಯಾರು? ದೂರದರ್ಶನ ಸಂಸ್ಥೆಯ ಸಂಪಾದಕರೇ. ಮಧ್ಯಸ್ಥನು ವೇದಿಕೆಯಿಂದ ಇಳಿದು ತೆರೆಯ ಹಿಂದಕ್ಕೆ ಸರಿದನಲ್ಲದೆ ಹೊರಟುಹೋಗಲಿಲ್ಲ. ಅದೇ ವರ್ಷದ ನವೆಂಬರ್ ೨೮ರಂದು ಫ್ಲಾರಿಡದಲ್ಲಿ ನಡೆದ ರಿಪಬ್ಲಿಕನ್ ಸಭೆಯಲ್ಲಿ ಪ್ರಶ್ನಿಸಿದವರೊಬ್ಬರು ಎದುರು ಪಕ್ಷದ ಉಮೇದುವಾರರೊಬ್ಬರ ಪ್ರಚಾರಕಾರ್ಯದೊಡನೆ ಸಂಬಂಧವುಳ್ಳವರೆಂಬುದು ತರುವಾಯ ಹೊರಬಿದ್ದಿತು. ಕಾಣದ ಮಧ್ಯಸ್ಥನ ತಪ್ಪನ್ನು ಸಭಿಕರು ಆಗಲೇ ತಿದ್ದಲಾರರು.

೪

ಈಚಿನ ವರ್ಷಗಳ ಘಟನೆಗಳು ಇದಕ್ಕಿಂತ ಗಂಭೀರವಾದ ಪ್ರಶ್ನೆಯನ್ನು ಎತ್ತುತ್ತವೆ. ೨೦೨೦ರ ಅಕ್ಟೋಬರ್ ೧೫ರ ಸಭೆಯನ್ನು, ಅಧ್ಯಕ್ಷ ಟ್ರಂಪ್ ಅವರಿಗೆ ಕೋವಿಡ್ ಸೋಂಕು ತಗಲಿದ್ದ ಕಾರಣ, ಉಮೇದುವಾರರು ಬೇರೆ ಬೇರೆ ಸ್ಥಳಗಳಿಂದ ಪಾಲುಗೊಳ್ಳುವಂತೆ ನಡೆಸಲು ಆಯೋಗವು ನಿಶ್ಚಯಿಸಿತು. ಟ್ರಂಪ್ ಅವರು ಒಪ್ಪಲಿಲ್ಲ, ಸಭೆಯು ರದ್ದಾಯಿತು. ದೂರದಲ್ಲಿದ್ದುಕೊಂಡು ವಾದಿಸುವುದು ಅಸಾಧ್ಯವೇನೂ ಆಗಿರಲಿಲ್ಲ. ೧೯೬೦ರ ಮೂರನೆಯ ವಾದದಲ್ಲಿಯೇ ಕೆನಡಿಯವರು ನ್ಯೂಯಾರ್ಕಿನಲ್ಲಿಯೂ ನಿಕ್ಸನ್ನರು ಲಾಸ್ ಏಂಜಲೀಸಿನಲ್ಲಿಯೂ ಇದ್ದರು. ವಾದವಾಗಬೇಕಾಗಿದ್ದ ಅದೇ ರಾತ್ರಿ, ಅದೇ ಹೊತ್ತಿನಲ್ಲಿ, ಇಬ್ಬರು ಉಮೇದುವಾರರೂ ಎರಡು ಬೇರೆ ಬೇರೆ ದೂರದರ್ಶನ ಸಂಸ್ಥೆಗಳಲ್ಲಿ ತಂತಮ್ಮ ಸಭೆಗಳನ್ನು ನಡೆಸಿದರು.

೨೦೨೩ರ ಆಗಸ್ಟ್ ೨೩ರಂದು ರಿಪಬ್ಲಿಕನ್ ಪಕ್ಷದ ಮೊದಲ ಸಭೆಯು ಮಿಲ್ವಾಕಿಯಲ್ಲಿ ನಡೆದಾಗ, ಆಕಾಂಕ್ಷಿಗಳಲ್ಲಿ ಮುಂಚೂಣಿಯಲ್ಲಿದ್ದ ಟ್ರಂಪ್ ಅವರು ಅಲ್ಲಿಗೆ ಹೋಗಲಿಲ್ಲ. ಮೊದಲೇ ಮುದ್ರಿಸಿಕೊಂಡಿದ್ದ ಅವರ ಸಂದರ್ಶನವೊಂದು ಅಂದಿನ ರಾತ್ರಿ ಎಕ್ಸ್ ಜಾಲತಾಣದಲ್ಲಿ ಪ್ರಕಟವಾಯಿತು. ಇದನ್ನು ೧೯೮೦ರ ಕಾರ್ಟರ್ ಅವರ ಗೈರುಹಾಜರಿಯೊಡನೆ ಹೋಲಿಸಬೇಕು. ಗೈರುಹಾಜರಿಯು ಹೊಸದಲ್ಲ. ಆದರೆ ಅಂದು ಬಾರದವನು ಬಾರದವನೇ ಆಗಿದ್ದನು. ಆ ಗಂಟೆಯಲ್ಲಿ ಮಾತು ಎದುರಾಳಿಗಳಿಗೆ ಸೇರಿದ್ದಿತು. ಇಂದು ಬಾರದವನು ಬೇರೊಂದೆಡೆ ಮಾತನಾಡುತ್ತಿರುತ್ತಾನೆ, ಎದುರಾಳಿಯ ಒಂದು ಪ್ರಶ್ನೆಯೂ ತನ್ನನ್ನು ತಲಪದಂತೆ. ಮತದಾರನಿಗೆ ಬಾಗಿಲು ತೆರೆದ ಅಂತರ್ಜಾಲವೇ ಉಮೇದುವಾರನಿಗೂ ಹಿಂಬಾಗಿಲನ್ನು ತೆರೆದುಕೊಟ್ಟಿತು.

೨೦೨೪ರಲ್ಲಿ ಆಯೋಗವನ್ನೇ ಬದಿಗಿಟ್ಟು, ಉಮೇದುವಾರರು ದೂರದರ್ಶನ ಸಂಸ್ಥೆಗಳೊಡನೆ ನೇರವಾಗಿ ಒಪ್ಪಿಕೊಂಡರು. ಜೂನ್ ೨೭ರ ಸಭೆಯಲ್ಲಿ ಸಭಿಕರಿರಲಿಲ್ಲ. ಸರದಿಯಿಲ್ಲದವನ ಧ್ವನಿವರ್ಧಕವು ಮೂಕವಾಗಿರುತ್ತಿದ್ದಿತು. ಆದರೂ ಅದನ್ನು ಐದು ಕೋಟಿಗೂ ಹೆಚ್ಚು ಜನರು ನೋಡಿದರು. ಒಂದು ತಿಂಗಳು ಕಳೆಯುವುದರೊಳಗೆ, ಜುಲೈ ೨೧ರಂದು, ಅಧ್ಯಕ್ಷ ಬೈಡನ್ ಅವರು ಸ್ಪರ್ಧೆಯಿಂದ ನಿವೃತ್ತರಾದರು. ಎದುರುಬದುರಾಗಿ ನಿಲ್ಲುವುದರ ಶಕ್ತಿಯು ಇನ್ನೂ ಕುಂದಿಲ್ಲವೆಂಬುದಕ್ಕೆ ಇದು ಸಾಕ್ಷಿ. ತಪ್ಪಿಸಿಕೊಳ್ಳಲು ಯತ್ನಿಸುವವರು ಹೆಚ್ಚುತ್ತಿರುವುದಕ್ಕೂ ಬಹುಶಃ ಅದೇ ಕಾರಣವಿರಬೇಕು.

ಮೇಲಿನ ವಿವೇಚನೆಯಿಂದ ಹೊರಡುವ ನಿರ್ಣಯವು ಇಷ್ಟು. ವಾದಸಭೆಯ ಯೋಗ್ಯತೆಯನ್ನು ಸಾಧನವು ನಿರ್ಧರಿಸುವುದಿಲ್ಲ. ಉತ್ತರವು ಬೆಳೆಯುವಷ್ಟು ಕಾಲವಿದೆಯೆ, ಆಡಿದ ಮಾತು ದಾಖಲೆಯಾಗಿ ಆಡಿದವನನ್ನು ಹಿಂಬಾಲಿಸುವುದೆ, ಎದುರಾಳಿಯನ್ನು ತಪ್ಪಿಸಿಕೊಂಡವನು ಅದಕ್ಕೆ ಬೆಲೆ ತೆರುವನೆ ಎಂಬುದೇ ಮುಖ್ಯ. ಮಧ್ಯಸ್ಥನಿಲ್ಲದ ವಾದವನ್ನು ಅಂತರ್ಜಾಲವು ತರಲಿಲ್ಲ. ಅದು ಮಧ್ಯಸ್ಥನ ಕೆಲಸವನ್ನು ಬಹುಮಟ್ಟಿಗೆ ಮತದಾರನ ಹೆಗಲಿಗೆ ಹೊರಿಸಿತು. ಅದಕ್ಕೆ ಬೇಕಾದ ಸಾಮಗ್ರಿಯನ್ನೂ ಅದೇ ಒದಗಿಸಿದೆಯೆಂಬುದನ್ನು ಇಲ್ಲಿ ಹೇಳಬೇಕು. ೧೮೫೮ರ ಏಳು ವಾದಗಳ ಪಾಠವೂ ೧೯೬೦ರ ನಾಲ್ಕು ವಾದಗಳ ಪಾಠವೂ ಇಂದು ನಮ್ಮ ಯಾವ ಊರಿನ ಕಾಲೇಜಿನಲ್ಲಿ ಕುಳಿತವರಿಗೂ ಅಂತರ್ಜಾಲದಲ್ಲಿ ದೊರೆಯುತ್ತವೆ. ಎರಡು ನಿಮಿಷಗಳ ತುಣುಕನ್ನು ನೋಡಿ ಗೆದ್ದವರನ್ನು ಸಾರುವ ಅಭ್ಯಾಸಕ್ಕೆ ಪ್ರತಿಯಾಗಿ, ಒಂದು ವಾದವನ್ನಾದರೂ ಆದಿಯಿಂದ ಅಂತ್ಯದವರೆಗೆ ತರಗತಿಯಲ್ಲಿ ಓದಿ, ಯಾವ ಪ್ರಶ್ನೆಗೆ ಉತ್ತರವು ಬಂದಿತು, ಯಾವುದಕ್ಕೆ ಬರಲಿಲ್ಲ ಎಂಬುದನ್ನು ವಿದ್ಯಾರ್ಥಿಗಳಿಂದಲೇ ಗುರುತು ಮಾಡಿಸುವುದು ಇತಿಹಾಸದ ಅಧ್ಯಾಪಕರು ಕೈಗೊಳ್ಳಬಹುದಾದ ಉಪಯುಕ್ತ ಕಾರ್ಯವಾಗಿದೆ.